ಕೌನ್ಸಿಲ್ ಮನೆಯ ಟೆನೆನ್ಸಿಯಲ್ಲಿ ಹೆಸರು ಬದಲಿಸುವ ಮುನ್ನ

ಇಂಗ್ಲೆಂಡಿನ ಕೌನ್ಸಿಲ್ ಮನೆಗಳಲ್ಲಿ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಟ್ಟ ಮನೆಗಳಲ್ಲಿ, ಇರುವ ನಮ್ಮವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: "ಆಂಟಿ, ಅಪ್ಪನ ಮನೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಯಾವ ಫಾರಂ ತುಂಬಬೇಕು?" ಊರಿನ ಸೈಟಿಗೆ ಖಾತೆ ಬದಲಾವಣೆ ಮಾಡಿಸಿದ ಹಾಗೆ ಎಂದು ಅವರ ಎಣಿಕೆ. (ಖಾತೆ ಬದಲಾವಣೆಯಾದರೂ ಸಲೀಸೇ, ಅದು ಬೇರೆ ಮಾತು.) ಲಂಡನ್ನಿನ ಕೌನ್ಸಿಲ್ ಒಂದರ ವಸತಿ ವಿಭಾಗದಲ್ಲಿ ನಿವೃತ್ತಿಯವರೆಗೂ ಇಂಥ ಕಡತಗಳನ್ನೇ ತಿರುವಿದವಳು ನಾನು. ಫಾರಂ ಆಮೇಲೆ, ಮೊದಲು ಟೆನೆನ್ಸಿ ಅಗ್ರಿಮೆಂಟನ್ನು (ಬಾಡಿಗೆ ಕರಾರನ್ನು) ಹುಡುಕಿ ತೆಗೆಯಿರಿ.

ಟೆನೆನ್ಸಿ ಶುರುವಾದ ದಿನಾಂಕ ನೋಡಿ. 1985ರ ವಸತಿ ಕಾಯ್ದೆಯಡಿಯ ಸೆಕ್ಯೂರ್ ಟೆನೆನ್ಸಿ (ಕಾನೂನಿನ ರಕ್ಷಣೆಯಿರುವ ಬಾಡಿಗೆ ಹಕ್ಕು) 2012ರ ಏಪ್ರಿಲ್ 1ಕ್ಕಿಂತ ಮೊದಲಿನದಾದರೆ, ಬಾಡಿಗೆದಾರರು ತೀರಿಕೊಂಡಾಗ ಗಂಡ ಅಥವಾ ಹೆಂಡತಿಗೆ, ಅವರಿಲ್ಲದಿದ್ದರೆ 12 ತಿಂಗಳಿಂದ ಜೊತೆಗಿದ್ದ ಕುಟುಂಬದವರಿಗೆ ಮನೆ ಮುಂದುವರಿಯುತ್ತದೆ. ಮಗ, ಮಗಳು, ಸೊಸೆ, ಮೊಮ್ಮಕ್ಕಳು, ಒಡಹುಟ್ಟಿದವರು ಈ ಪಟ್ಟಿಯಲ್ಲಿದ್ದಾರೆ. ಚಿಕ್ಕಪ್ಪನ ಮಗ, ಸೋದರಮಾವನ ಮಗ ಇಲ್ಲ. ಎಷ್ಟೇ ಅಕ್ಕರೆಯಿಂದ ಜೊತೆಗೆ ಬೆಳೆದಿದ್ದರೂ ಕಾನೂನಿಗೆ ಅವರು ಹೊರಗಿನವರು. ಆ ದಿನಾಂಕದ ನಂತರದ ಟೆನೆನ್ಸಿಯಾದರೆ ಕಾನೂನಿನ ಹಕ್ಕು ಗಂಡ, ಹೆಂಡತಿ ಅಥವಾ ಹಾಗೆ ಕೂಡಿ ಬಾಳಿದ ಸಂಗಾತಿಗೆ ಮಾತ್ರ. ಅಗ್ರಿಮೆಂಟಿನಲ್ಲಿ ಹೆಚ್ಚಿನದೇನಾದರೂ ಬರೆದಿದ್ದರೆ ಅದು ನಿಮ್ಮ ಪುಣ್ಯ. ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಮನೆ ಬಾಡಿಗೆಗೆ ಕೊಡುವ ಸಂಸ್ಥೆ) ಮನೆಗಳು ಬಹುಪಾಲು 1988ರ ಕಾಯ್ದೆಯಡಿ ಬರುವುದರಿಂದ ಅಲ್ಲಿನ ನಿಯಮವನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಹೀಗೆ ಹೆಸರು ದಾಟುವುದು ಒಂದೇ ಸಲ. ಅಮ್ಮ ಅಪ್ಪ ಇಬ್ಬರೂ ಜಂಟಿ ಬಾಡಿಗೆದಾರರಾಗಿದ್ದು, ಅಪ್ಪ ತೀರಿಕೊಂಡು ಅಮ್ಮ ಒಬ್ಬರೇ ಉಳಿದರೆ, ಆ ಒಂದು ಸಲ ಮುಗಿಯಿತು ಎಂದೇ ಲೆಕ್ಕ. ಆಮೇಲೆ ಅಮ್ಮನಿಂದ ಮಗನಿಗೆ ಹಕ್ಕಾಗಿ ಬರುವುದಿಲ್ಲ. ಕೌನ್ಸಿಲ್ ಮನಸ್ಸು ಮಾಡಿದರೆ ಹೊಸ ಟೆನೆನ್ಸಿ ಕೊಟ್ಟೀತು, ಅಷ್ಟೇ. ಮಕ್ಕಳಿಗೆ ಈ ವಿಷಯ ಗೊತ್ತಾಗುವುದು ಸಾಮಾನ್ಯವಾಗಿ ಅಮ್ಮನ ವೈಕುಂಠ ಸಮಾರಾಧನೆ ಕಳೆದ ಮೇಲೆ.

ಹೆಂಡತಿಯ ಹೆಸರು ಸೇರಿಸಿ ಎಂದು ಕೇಳಬಹುದು, ಒಪ್ಪುವುದು ಬಿಡುವುದು ಕೌನ್ಸಿಲಿನ ಇಷ್ಟ. ಬಾಡಿಗೆ ಬಾಕಿ ಇದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸೇರಿದ ಮೇಲೆ ಬಾಕಿಯನ್ನೆಲ್ಲ ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. ಮದುವೆಯಾಗಿ ಬೆಂಗಳೂರಿನಿಂದ ಹೊಸದಾಗಿ ಬಂದವರ ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯಬಾರದೆಂಬ ಷರತ್ತು ಇದ್ದರೆ ಈ ಅರ್ಜಿಗೆ ಕೈಹಾಕಲೇಬೇಡಿ. ಗಂಡನ ಜೊತೆ ಆ ಮನೆಯಲ್ಲಿ ವಾಸಿಸುವುದಕ್ಕೆ ತೊಂದರೆಯಿಲ್ಲ. ಟೆನೆನ್ಸಿಗೆ ಹೆಸರು ಸೇರಿಸಿದರೆ ವೀಸಾಕ್ಕೇ ಸಂಚಕಾರ ಬರಬಹುದು. ಮೊದಲು ವಲಸೆ ಕಾನೂನು ಬಲ್ಲವರನ್ನು ಕಾಣಿ.

ಹೆಸರು ತೆಗೆಸುವುದು ಇನ್ನೂ ಅಪಾಯದ ಕೆಲಸ. ಗಂಡ ಹೆಂಡತಿ ಬೇರೆಯಾದಾಗ ಮನೆ ಬಿಟ್ಟು ಹೋದವರು "ನನ್ನ ಹೆಸರು ತೆಗೆದುಬಿಡಿ" ಎಂದು ಕಚೇರಿಗೆ ಬರುತ್ತಾರೆ. ಅವರ ಕೈಗೆ ನೋಟಿಸ್ ಟು ಕ್ವಿಟ್ ಎಂಬ ಕಾಗದ ಸಿಕ್ಕಿ, ಸಹಿ ಬಿತ್ತೆಂದರೆ ಹೋಗುವುದು ಅವರ ಹೆಸರಲ್ಲ, ಇಡೀ ಟೆನೆನ್ಸಿ. ವಾರದ ಅಥವಾ ತಿಂಗಳ ಲೆಕ್ಕದ ಜಂಟಿ ಟೆನೆನ್ಸಿಯನ್ನು ಇಬ್ಬರಲ್ಲಿ ಒಬ್ಬರೇ, ಇನ್ನೊಬ್ಬರಿಗೆ ತಿಳಿಸದೆಯೂ, ಕನಿಷ್ಠ ನಾಲ್ಕು ವಾರಗಳ ನೋಟಿಸಿನಿಂದ ಮುಗಿಸಬಹುದು. ಹ್ಯಾಮರ್‌ಸ್ಮಿತ್ ಮತ್ತು ಫುಲ್ಹಾಮ್ ಕೌನ್ಸಿಲಿಗೂ ಮಾಂಕ್ ಎಂಬುವರಿಗೂ ನಡೆದ ಮೊಕದ್ದಮೆಯಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ತೀರ್ಪು ಇದು. ಮಕ್ಕಳನ್ನು ಕಟ್ಟಿಕೊಂಡು ಮನೆಯಲ್ಲಿ ಉಳಿದ ತಾಯಿಗೆ ಕೌನ್ಸಿಲ್ ಪತ್ರ ಬರುವವರೆಗೆ ಸುದ್ದಿಯೇ ಇರುವುದಿಲ್ಲ. ನನಗೆ ಈ ನಿಯಮ ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ಹಾಗಾಗಿ ಬಿರುಕು ಕಂಡೊಡನೆ ಕೌಟುಂಬಿಕ ವಕೀಲರನ್ನು ಕಂಡು ಎರಡು ವಿಷಯ ಕೇಳಿ: ಎದುರಿನವರು ನೋಟಿಸ್ ಕೊಡದಂತೆ ನ್ಯಾಯಾಲಯದಿಂದ ತಡೆ, ಮತ್ತು ಟೆನೆನ್ಸಿಯನ್ನು ನಿಮ್ಮೊಬ್ಬರ ಹೆಸರಿಗೆ ವರ್ಗಾಯಿಸುವ ಆದೇಶ. 1996ರ ಕೌಟುಂಬಿಕ ಕಾನೂನು ಕಾಯ್ದೆ ಮದುವೆಯಾಗದೆ ಜೊತೆಗಿದ್ದವರಿಗೂ ವರ್ಗಾವಣೆಯ ಈ ದಾರಿ ಕೊಟ್ಟಿದೆ. ತಡೆ ಬೇಕಿರುವುದು ನೋಟಿಸ್ ಬೀಳುವ ಮೊದಲು; ಬಿದ್ದ ಮೇಲೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ.

ಸಾವಿನ ನಂತರದ ಅರ್ಜಿಯಲ್ಲಿ ನಮ್ಮವರು ಎಡವುವುದು ವಾಸದ ಪುರಾವೆಯಲ್ಲಿ. ಬ್ಯಾಂಕ್ ಸ್ಟೇಟ್‌ಮೆಂಟ್, ವೈದ್ಯರ ನೋಂದಣಿ, ಮತದಾರರ ಪಟ್ಟಿ, ಸಂಬಳದ ಚೀಟಿ, ಎಲ್ಲದರಲ್ಲೂ ಅದೇ ವಿಳಾಸವಿರಲಿ. ಕೌನ್ಸಿಲ್ ತೆರಿಗೆಯಲ್ಲಿ ಅಪ್ಪ ಒಬ್ಬರೇ ಇದ್ದಾರೆಂದು ರಿಯಾಯಿತಿ ಪಡೆದಿದ್ದರೆ, ಮಗ ಜೊತೆಗಿದ್ದ ಎಂಬ ಮಾತನ್ನು ಯಾರು ನಂಬುತ್ತಾರೆ? ಅಪ್ಪನಿಗೂ ಅದೇ ಮುಖ್ಯ ಮನೆಯಾಗಿರಬೇಕು. ಚಳಿಗಾಲಕ್ಕೆ ಮೈಸೂರಿಗೆ ಹೋಗಿ ಬರುವುದು ಸರಿ. ಅಲ್ಲೇ ನೆಲೆಸಿದರೆ ಸೆಕ್ಯೂರ್ ಎಂಬ ರಕ್ಷಣೆಯೇ ಹೋಗುತ್ತದೆ. ಊರಿನಲ್ಲಿ ತೀರಿಕೊಂಡು ಮರಣ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ದೃಢೀಕರಿಸಿದ ಅನುವಾದ ಜೊತೆಗಿಡಿ. ಅರ್ಜಿ ಇತ್ಯರ್ಥವಾಗುವವರೆಗೆ ಹಣ ಕಟ್ಟುವುದನ್ನು ನಿಲ್ಲಿಸಬೇಡಿ. ಹಕ್ಕು ಸಿಕ್ಕ ಮೇಲೂ, ಮೂರು ಕೋಣೆಯ ಮನೆ ಮಗನ ಅಗತ್ಯಕ್ಕಿಂತ ದೊಡ್ಡದಾಗಿದ್ದರೆ, ಸಾವಿನ ನಂತರದ (ನ್ಯಾಯಾಲಯ ಒಪ್ಪಿದರೆ, ಕೌನ್ಸಿಲಿಗೆ ಸುದ್ದಿ ತಿಳಿದ ನಂತರದ) ಆರರಿಂದ ಹನ್ನೆರಡು ತಿಂಗಳ ನಡುವೆ ನೋಟಿಸ್ ಕೊಟ್ಟು, ಚಿಕ್ಕ ಮನೆಗೆ ಕಳುಹಿಸಲು ಕೌನ್ಸಿಲ್ ನ್ಯಾಯಾಲಯಕ್ಕೆ ಹೋಗಬಹುದು. ಗಂಡ ಹೆಂಡತಿಗೆ ಈ ಕಾಟವಿಲ್ಲ.

ಬದುಕಿರುವಾಗಲೇ ಬಿಟ್ಟುಕೊಡಬೇಕೆಂದರೆ, ಸತ್ತರೆ ಯಾರಿಗೆ ಹಕ್ಕು ಬರುತ್ತಿತ್ತೋ ಅವರಿಗೆ ಕೊಡಬಹುದು. ಬಾಯಿಮಾತು ಸಾಲದು, ಸಾಕ್ಷಿಯ ಸಹಿಯಿರುವ ಡೀಡ್ ಬೇಕು. ಹಿರಿಯರು ಆರೈಕೆ ಗೃಹಕ್ಕೆ ಖಾಯಂ ಆಗಿ ಹೊರಡುವ ಮೊದಲೇ ಇದು ಮುಗಿಯಬೇಕು.

ಇನ್ನು ಮದುವೆಯ ನಂತರದ ಹೆಸರು, ಇನಿಶಿಯಲ್ ಬಿಡಿಸಿ ಬರೆದ ಹೆಸರು, ಇಂಥ ತಿದ್ದುಪಡಿಗೆ ವಿವಾಹ ಪ್ರಮಾಣಪತ್ರ ಅಥವಾ ಡೀಡ್ ಪೋಲ್ (ಹೆಸರು ಬದಲಿಸಿದ್ದಕ್ಕೆ ಬರೆದ ಘೋಷಣಾಪತ್ರ) ತೋರಿಸಿದರೆ ಮುಗಿಯಿತು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಬೇರೆ. ಅಲ್ಲಿ ಜಂಟಿ ಬಾಡಿಗೆದಾರರಲ್ಲಿ ಒಬ್ಬರು ಇನ್ನೊಬ್ಬರ ಮನೆ ಕಳೆಯದೆ ಹೊರಬರಬಹುದು. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಸಲಹೆ ನೀಡುವ ಸೇವಾ ಸಂಸ್ಥೆಗಳಾದ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್‌ನವರಿಗೆ ತೋರಿಸಿ. ಅವರು ಹಣ ಕೇಳುವುದಿಲ್ಲ.