ಮನ್ಯಾಗ ಮೊದಲನೇ ಸಲ ಓದಾಕ ಹೊಂಟ ಹುಡುಗರಿದ್ರ ಏನೇನು ಮಾಡಿಟ್ಕೋಬೇಕು

ನಮ್ಮವ್ವ ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗ್ತಿದ್ಲು, ಸಂಜಿಕ ಬಂದು ಉರಿಯೋ ಕೈಗೆ ಎಣ್ಣಿ ಹಚ್ಕೊಂಡು ಕುಂಡ್ರಾಕಿ, ನನ್ನ ಪುಸ್ತಕ ಮಾತ್ರ ಮುಟ್ತಿರಲಿಲ್ಲ, ಹಾಳಿಗೆ ಖಾರ ಹತ್ತಿ ನನ್ನ ಕಣ್ಣಿಗೆ ಹೋದೀತು ಅಂತ. ಅಂದ್ರ ಓದಸೋ ಆಸೆಗೇನೂ ಕಡಿಮಿ ಇರಲಿಲ್ಲ. ಆದ್ರ ಎಂಟನೇ ಕ್ಲಾಸಿಗೆ ಎನ್‌ಎಂಎಂಎಸ್ ಅಂತ ಸ್ಕಾಲರ್‌ಶಿಪ್ ಪರೀಕ್ಷೆ ಐತಿ ಅನ್ನೋದು ನಮ್ಮ ಓಣ್ಯಾಗ ಯಾರಿಗೂ ಗೊತ್ತಿರಲಿಲ್ಲ, ಸಾಲ್ಯಾಗೂ ಹೇಳ್ಲಿಲ್ಲ. ಪಿಯುಸಿಗೆ ಹಾವೇರಿಗೆ ಹೋದಾಗ ಬಾಜೂಕ ಕುಂಡ್ರೋ ಹುಡುಗ ‘ನನಗ ಆ ಸ್ಕಾಲರ್‌ಶಿಪ್ ವರ್ಷಕ್ಕ 6,000 ಬರ್ತೈತಿ’ ಅಂದ. ಅವರವ್ವ ಅಂಗನವಾಡಿ ಟೀಚರ್, ಮೀಟಿಂಗಿಗೆ ಹೋದಾಗ ಕೇಳ್ಕೊಂಡು ಬಂದಿದ್ಲಂತ.

ಕಡಿಮಿ ಆದಾಯದ ಮನಿತನ ದೇಶದ ಸರಾಸರಿ ಆದಾಯ ಮುಟ್ಟಾಕ ಭಾರತದಾಗ 7 ತಲಿಮಾರು ಬೇಕು, ಡೆನ್ಮಾರ್ಕ್‌ನಾಗ 2 ಸಾಕು ಅಂತ ಒಇಸಿಡಿ ಅನ್ನೋ ಹಲವು ದೇಶಗಳ ಆರ್ಥಿಕ ಸಂಘಟನೆ 2018ರಾಗ ಲೆಕ್ಕ ಹಾಕಿತ್ತು. ರೊಕ್ಕ ಇಲ್ಲದ್ದು ಒಂದು ಕಾರಣ ಖರೆ, ಆದ್ರ ಯಾವಾಗ ಯಾವ ಅರ್ಜಿ ಹಾಕಬೇಕು ಅಂತ ಹೇಳೋರು ಮನ್ಯಾಗ ಇಲ್ಲದ್ದೂ ಅಷ್ಟೇ ದೊಡ್ಡ ಬಡತನ ಅಂತೀನಿ ನಾ.

ಅದಕ್ಕ ಮೊದಲು ನಾಡಕಚೇರಿಗೆ ಹೋಗಿ ಜಾತಿ-ಆದಾಯ ಪ್ರಮಾಣಪತ್ರ ಮಾಡಸ್ರಿ, ಅದರ ಮ್ಯಾಲಿನ ಆರ್‌ಡಿ ನಂಬರ್ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿಗೂ ಬೇಕು. ಆಧಾರ್, ಟಿಸಿ, ಮಾರ್ಕ್ಸ್‌ಕಾರ್ಡ್ ಎಲ್ಲಾದರಾಗೂ ಹೆಸರು ಒಂದೇ ನಮೂನಿ ಐತೇನು ಅಂತ ಅಕ್ಷರ ಅಕ್ಷರ ನೋಡ್ರಿ, ಒಂದರಾಗ ಅಡ್ಡಹೆಸರು ಇದ್ದು ಇನ್ನೊಂದರಾಗ ಇಲ್ಲ ಅಂದ್ರ ಅರ್ಜಿ ಅಲ್ಲೇ ನಿಂತ್ಕೊಂತೈತಿ, ಅದನ್ನ ಸರಿ ಮಾಡಸಾಕ ಅಪ್ಪನ ಎರಡು ದಿನದ ಪಗಾರ ಹೋಗ್ತೈತಿ.

ಹುಡುಗ ಐದನೇತ್ತೆ ಇದ್ರ ಮೊರಾರ್ಜಿ ವಸತಿ ಸಾಲಿ ಪರೀಕ್ಷೆ ಬರಸ್ರಿ, ಆರನೇದಕ್ಕ ಸೀಟ್ ಸಿಕ್ರ ಊಟ-ವಸತಿ ಚಿಂತಿ ಇಲ್ಲ. ಸಿಗಲಿಲ್ಲ ಅಂದ್ರೂ ಸರ್ಕಾರಿ ಇಲ್ಲಾ ಅನುದಾನಿತ ಸಾಲ್ಯಾಗ ಇದ್ರ ಎಂಟನೇದಕ್ಕ ಎನ್‌ಎಂಎಂಎಸ್ ಬಿಡಬ್ಯಾಡ್ರಿ, ಮನಿ ಆದಾಯ 3.5 ಲಕ್ಷ ದಾಟಿರಬಾರದು, ಆಯ್ಕೆಯಾದ್ರ ಒಂಬತ್ತರಿಂದ ಸೆಕೆಂಡ್ ಪಿಯುಸಿ ತನಕ ಈಗ ವರ್ಷಕ್ಕ 12,000. ಸರ್ಕಾರಿ ವಸತಿ ಸಾಲಿಯವರಿಗೆ ಇದು ಇಲ್ಲ.

ಕಾಲೇಜಿಗೆ ಧಾರವಾಡಕ್ಕೋ ಹುಬ್ಬಳ್ಳಿಗೋ ಕಳಸೋದಾದ್ರ ಹಾಸ್ಟೆಲ್ ಅರ್ಜಿ ಮೊದಲು ಹಾಕ್ರಿ, ದಿನಾ ಬಸ್ಸಿಗೆ ಓಡಾಡಿದ್ರ ಓದೋದೂ ಹಾಳು ದೋಸ್ತಿನೂ ಇಲ್ಲ. ದೋಸ್ತಿ ಅಂದ್ರ ಸಸಾರ ಮಾಡಬ್ಯಾಡ್ರಿ, ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಅವರ ತಂಡ 2022ರಾಗ ಅಮೆರಿಕದ ಫೇಸ್‌ಬುಕ್ ದೋಸ್ತಿ ತಗದು ನೋಡಿದಾಗ, ಬಡವರ ಹುಡುಗರಿಗೆ ಉಳ್ಳವರ ಮನಿ ದೋಸ್ತರು ಹೆಚ್ಚಿರೋ ಊರಾಗ ಆ ಹುಡುಗರು ದೊಡ್ಡವರಾಗಿ ಹೆಚ್ಚು ಗಳಸ್ತಾರ ಅಂತ ಕಂಡಿತ್ತು. ನನಗ ಆ ಅಂಗನವಾಡಿ ಟೀಚರ್ ಮಗನೇ ಸಿಇಟಿ ಫಾರ್ಮ್ ತುಂಬೋದು ಕಲಸಿದ್ದು.

ಓದಸಾಕ ಅಂತ ಹೊಲ ಒತ್ತಿ ಹಾಕಬ್ಯಾಡ್ರಿ, ಕೈಗಡ ಬಡ್ಡಿ ಸಾಲಾನೂ ಬ್ಯಾಡ, ಮೊದಲು ವಿದ್ಯಾಲಕ್ಷ್ಮಿ ಪೋರ್ಟಲ್‌ನ್ಯಾಗ ಬ್ಯಾಂಕ್ ಸಾಲಕ್ಕ ಹಾಕಿ ನೋಡ್ರಿ. ಅಕ್ಕನ ಮದುವಿ ಸಾಲಕ್ಕ ತಮ್ಮನ ಸಾಲಿ ಬಿಡಸಿದ್ದು ನಮ್ಮ ಓಣ್ಯಾಗ ನಾಕು ಮನಿ ನೋಡೀನಿ, ಈಗ ಆ ತಮ್ಮಗಳ ಮಕ್ಕಳೂ ಅದೇ ಮಾರ್ಕೆಟ್‌ನ್ಯಾಗ ಚೀಲ ಹೊರಾಕ ಹತ್ಯಾರ.

ಇನ್ನೊಂದು, ಸಿಇಟಿಯೊಳಗ ಒಂದರಿಂದ ಹತ್ತರ ತನಕ ಹಳ್ಳ್ಯಾಗ ಓದಿದವರಿಗೆ 15%, ಕನ್ನಡ ಮೀಡಿಯಂನವರಿಗೆ 5% ಸೀಟ್ ಮೀಸಲು ಐತಿ. ಅದಕ್ಕ ಬೇಕಾದ ಸ್ಟಡಿ ಸರ್ಟಿಫಿಕೇಟ್ ಮಾರ್ಚ್ ಒಳಗ ಮಾಡಿಸಿಟ್ಕೋರಿ, ಬ್ಯಾಸಿಗಿ ಸೂಟಿ ಬಿತ್ತಂದ್ರ ಹೆಡ್‌ಮಾಸ್ತರ ಸಿಗಂಗಿಲ್ಲ.