ಬಳ್ಳಾರಿಯ ತರಗತಿಯಲ್ಲಿ ಸ್ವೀಡನ್ನಿನ ನೆಲದ ಲೆಕ್ಕ

ಹಿಮದ ಹಾಸು ಕರಗಿದ ಮೇಲೆ ನೆಲ ಹೇಗೆ ಏಳುತ್ತದೆ ಅನ್ನೋದರ ಮಾಡೆಲ್ ಮಾಡಲು ಕಲಿಸಿದೆ. ಬಂದವರಲ್ಲಿ ಭೂಭೌತಶಾಸ್ತ್ರ ಓದಿದವರು ಯಾರೂ ಇರಲಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಸಿವಿಲ್, ಭೂಗೋಳ, ಗಣಿತದ ಮೇಷ್ಟ್ರುಗಳು, ಜೊತೆಗೆ ಪಿಎಚ್‌.ಡಿ. ಮಾಡುತ್ತಿರುವ ಕೆಲವರು. ಇಂಥವರ ಕೈಗೆ ಮೊದಲ ದಿನವೇ ರೆಡಿ ಸಾಫ್ಟ್‌ವೇರ್ ಕೊಡಬಾರದು, ಈ ವಿಷಯದಲ್ಲಿ ನಾನು ಗಟ್ಟಿ. ಚೆಂದದ ಬಣ್ಣದ ನಕ್ಷೆ ಬಂದುಬಿಡುತ್ತದೆ, ಆಮೇಲೆ ಅದನ್ನು ಪ್ರಶ್ನೆ ಮಾಡಲು ಯಾರಿಗೂ ಧೈರ್ಯ ಬರಲ್ಲ.

ಶುರು ಮಾಡಿದ್ದು ತುಂಗಭದ್ರಾ ಡ್ಯಾಮಿನಿಂದ. ತುಂಬಿದಾಗ ಹೆಚ್ಚುಕಡಿಮೆ 100 ಟಿಎಂಸಿ ನೀರು, ಅಂದರೆ ಸುಮಾರು 280 ಕೋಟಿ ಟನ್ ಭಾರ. ಇಷ್ಟು ಭಾರಕ್ಕೆ ಕೆಳಗಿನ ಬಂಡೆ ಎಷ್ಟು ಬಗ್ಗೀತು? ಒರಟು ಲೆಕ್ಕಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬರುತ್ತದೆ. ನೀರು ಖಾಲಿಯಾದರೆ ಬಗ್ಗಿದ್ದು ಕೂಡಲೇ ವಾಪಸ್.

ಹಿಮಯುಗದ ಭಾರ ಹಾಗಲ್ಲ. ಸುಮಾರು 21,000 ವರ್ಷದ ಹಿಂದೆ ಉತ್ತರ ಯುರೋಪ್, ಕೆನಡಾದ ಮೇಲೆ ಕೆಲವು ಕಡೆ 3 ಕಿಲೋಮೀಟರ್ ದಪ್ಪದ ಹಿಮ ಸಾವಿರಾರು ವರ್ಷ ಕೂತಿತ್ತು. ಅಷ್ಟು ಹೊತ್ತಿಗೆ ಕೆಳಗಿನ ಮ್ಯಾಂಟಲ್, ಅಂದರೆ ಭೂಮಿಯ ಹೊರಪದರದ ಅಡಿಯ ದಪ್ಪ ಬಂಡೆಪದರ, ನಿಧಾನಕ್ಕೆ ಪಕ್ಕಕ್ಕೆ ಹರಿಯುತ್ತದೆ. ಹಿಮ ಹೋದ ಮೇಲೆ ವಾಪಸ್ ಬರುವುದೂ ಅಷ್ಟೇ ನಿಧಾನ. ಸ್ವೀಡನ್, ಫಿನ್‌ಲ್ಯಾಂಡ್ ನಡುವಿನ ಬಾತ್ನಿಯಾ ಕೊಲ್ಲಿಯ ದಡದಲ್ಲಿ ನೆಲ ಈಗಲೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏಳುತ್ತಿದೆ.

ಇದಕ್ಕೆ ಎಕ್ಸೆಲ್ ಸಾಕು. 3 ಕಿಲೋಮೀಟರ್ ಹಿಮವನ್ನು ಮ್ಯಾಂಟಲ್ ಸಾಂದ್ರತೆಗೆ ಹೋಲಿಸಿದರೆ ನೆಲ 800 ಮೀಟರಿನಷ್ಟು ಕುಸಿದಿರಬೇಕು. ಮ್ಯಾಂಟಲಿನ ಸ್ನಿಗ್ಧತೆಯನ್ನು (ಹರಿಯಲು ಅದು ಒಡ್ಡುವ ತಡೆ) 1ರ ಮುಂದೆ 21 ಸೊನ್ನೆ ಪಾಸ್ಕಲ್ ಸೆಕೆಂಡ್ ಅಂತ, ಭಾರದ ತರಂಗಾಂತರವನ್ನು, ಅಂದರೆ ಅದರ ಹರವಿನ ಅಳತೆಯನ್ನು, 3,000 ಕಿಲೋಮೀಟರ್ ಅಂತ ಇಟ್ಟರೆ ನೆಲ ಸುಧಾರಿಸಿಕೊಳ್ಳುವ ಕಾಲಮಾನ (ಉಳಿದ ಕುಸಿತ ಮೂರನೇ ಒಂದರಷ್ಟಕ್ಕೆ ಇಳಿಯಲು ಬೇಕಾದ ಸಮಯ) 4,000 ವರ್ಷ ಚಿಲ್ಲರೆ. ಹಿಮ ಒಂದೇ ಸಲ, 10,000 ವರ್ಷದ ಹಿಂದೆ ಹೋಯಿತು ಅಂದುಕೊಂಡರೆ ಇವತ್ತಿನ ವೇಗ ವರ್ಷಕ್ಕೆ 17 ಮಿಲಿಮೀಟರ್.

ಈಗ ಸ್ನಿಗ್ಧತೆಯನ್ನು ಹತ್ತು ಪಟ್ಟು ಮಾಡಿ ಅಂದೆ. ವೇಗ 15! ಎಲ್ಲರೂ ಸೂತ್ರ ತಪ್ಪಿರಬೇಕು ಅಂತ ಮತ್ತೆ ಮತ್ತೆ ನೋಡಿದರು. ರಾಯಚೂರಿನ ಮೇಡಂ ಒಬ್ಬರು, "ಹಂಗಾದ್ರ ಸರ್, ಎರಡರಾಗ ಯಾವುದು ಖರೆ?" ಅಂದರು.

ಈ ಪ್ರಶ್ನೆ ಅವರ ಬಾಯಿಂದಲೇ ಬರಲಿ ಅಂತ ನಾನು ಕಾಯುತ್ತಿದ್ದೆ. ಬೇಗ ಏಳುವ ನೆಲದಲ್ಲಿ ಕೆಲಸ ಬಹುತೇಕ ಮುಗಿದಿದೆ, ನಿಧಾನದ ನೆಲದಲ್ಲಿ ಇನ್ನೂ ಜಾಸ್ತಿ ಬಾಕಿ ಇದೆ, ಹಾಗಾಗಿ ಇವತ್ತಿನ ವೇಗ ಎರಡಕ್ಕೂ ಹತ್ತಿರ ಹತ್ತಿರ. ಬರೀ ಜಿಪಿಎಸ್ ಅಳತೆ ಇಟ್ಟುಕೊಂಡು ತೀರ್ಪು ಕೊಡಲು ಆಗಲ್ಲ ಅಲ್ವಾ? ಹಳೇ ದಡಗಳನ್ನು ಕೇಳಬೇಕು. ಮೊದಲ ಲೆಕ್ಕದಲ್ಲಿ ಇಲ್ಲಿವರೆಗಿನ ಏರಿಕೆ 730 ಮೀಟರ್, ಎರಡನೆಯದರಲ್ಲಿ ಬರೀ 170. ಬಾತ್ನಿಯಾ ಕೊಲ್ಲಿಯ ಸ್ವೀಡನ್ ಕರಾವಳಿಯ ಹೈ ಕೋಸ್ಟ್ ಅನ್ನೋ ಪ್ರದೇಶದಲ್ಲಿ ಹಿಮ ಹೋದಾಗಿನ ಸಮುದ್ರದ ದಡ ಇವತ್ತು ಸುಮಾರು 285 ಮೀಟರ್ ಎತ್ತರದಲ್ಲಿದೆ. ಅದಾದ ಮೇಲೆ ಸಮುದ್ರವೂ ಏರಿದೆ, ಅಂದರೆ ನೆಲ ಅದಕ್ಕಿಂತ ಜಾಸ್ತಿಯೇ ಎದ್ದಿದೆ. ಎರಡನೇ ಉತ್ತರ ಅಲ್ಲಿಗೆ ಬಿದ್ದುಹೋಯಿತು.

ಇಷ್ಟಾದ ಮೇಲಷ್ಟೇ ಸಮುದ್ರದ ಪಾಠ. ಗ್ರೀನ್‌ಲ್ಯಾಂಡ್ ಹಿಮ ಕರಗಿದರೆ ಅದರ ಪಕ್ಕದಲ್ಲೇ ಸಮುದ್ರಮಟ್ಟ ಇಳಿಯುತ್ತದೆ, ಯಾಕಂದರೆ ನೀರಿನ ಮೇಲೆ ಹಿಮದ ಗುರುತ್ವದ ಸೆಳೆತ ಕಡಿಮೆಯಾಗುತ್ತದೆ, ನೆಲವೂ ಏಳುತ್ತದೆ. ಇದನ್ನೆಲ್ಲ ಒಟ್ಟಿಗೆ ಬಿಡಿಸುವ ಸಮೀಕರಣವನ್ನು ಫಾರೆಲ್ ಮತ್ತು ಕ್ಲಾರ್ಕ್ 1976ರಲ್ಲಿ ಕೊಟ್ಟರು. ಅದನ್ನೇ ಬಿಡಿಸುವ ಸೆಲೆನ್ ಅನ್ನೋ ತಂತ್ರಾಂಶ ಎಲ್ಲರಿಗೂ ಮುಕ್ತ. ನಾನು ಅದನ್ನು ಕೊನೆಗೆ ಕೊಟ್ಟೆ. ಆಗ ಯಾರೂ ಸುಮ್ನೆ ಓಡಿಸಲಿಲ್ಲ, ನಕ್ಷೆ ಬಂದ ಕೂಡಲೇ "ಹಿಮದ ಇತಿಹಾಸ ಯಾವುದು ಹಾಕಿದ್ರಿ, ಸ್ನಿಗ್ಧತೆ ಎಷ್ಟು?" ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು.