ಇಲಿ ಬೆಚ್ಚಗಿದ್ದರೆ ಮಾತ್ರ ಸ್ಟ್ರೋಕ್ ಮಾಡೆಲ್ ನಿಲ್ಲುತ್ತದೆ: ನನ್ನ ಅನುಭವ

ಇಲಿಯ ಮಿದುಳಿನ ರಕ್ತನಾಳವನ್ನು ದಾರದಿಂದ ಸ್ವಲ್ಪ ಹೊತ್ತು ಮುಚ್ಚಿ ಪಾರ್ಶ್ವವಾಯುವಿನ ಅಧ್ಯಯನ ಮಾಡುವುದೇ ಸ್ಟ್ರೋಕ್ ಮಾಡೆಲ್. ಕಾರವಾರದ ಮಳೆಗಾಲದಲ್ಲಿ ಅದು ಆಗಲ್ಲ, ಸುಮ್ನೆ ದುಡ್ಡು ಹಾಳು ಅಂತ ಬೆಂಗಳೂರಿನ ಸ್ನೇಹಿತರು ಹೇಳಿದ್ದರು. ಈಗ ಹತ್ತಕ್ಕೆ ಎಂಟು ಇಲಿ ಬದುಕುತ್ತವೆ. ಇನ್ಫಾರ್ಕ್ಟ್ (ರಕ್ತವಿಲ್ಲದೆ ಸತ್ತ ಮಿದುಳಿನ ಭಾಗ) ಅಳತೆಯೂ ಒಂದಕ್ಕೊಂದು ಹತ್ತಿರ ಬರುತ್ತಿದೆ.

ಮೊದಲ ವರ್ಷ ಖರ್ಚೇ ಖರ್ಚು. ಸಿಲಿಕೋನ್ ಹಚ್ಚಿದ ಆಮದು ಫಿಲಮೆಂಟ್ (ನಾಳ ಮುಚ್ಚುವ ದಾರ) ಒಂದಕ್ಕೆ ಎರಡು-ಮೂರು ಸಾವಿರ. ಅಷ್ಟು ಸುರಿದರೂ ಟಿಟಿಸಿಯಲ್ಲಿ (ಜೀವಂತ ಭಾಗ ಕೆಂಪಾಗಿ, ಸತ್ತ ಭಾಗ ಬಿಳಿಯಾಗಿ ತೋರಿಸುವ ಬಣ್ಣ) ನೆನೆಸಿದ ಮಿದುಳಿನ ಹೋಳು ನೋಡಿದರೆ ಒಂದರಲ್ಲಿ ಅರ್ಧ ಭಾಗ ಬಿಳಿ, ಇನ್ನೊಂದರಲ್ಲಿ ಮಿದುಳಿನ ಒಳಭಾಗದ ಸ್ಟ್ರೈಯೇಟಮ್‌ನಲ್ಲಿ ಚುಕ್ಕೆಯಷ್ಟು, ಮೂರನೆಯದು ಪೂರ್ತಿ ಕೆಂಪು. ಅದೇ ಸಿ57 ತಳಿ, ಅದೇ 25 ಗ್ರಾಂ, ನಾಳ ಮುಚ್ಚಿದ್ದೂ ಅದೇ 60 ನಿಮಿಷ. ರಕ್ತದ ಹರಿವು ಅಳೆಯುವ ಡಾಪ್ಲರ್‌ನಲ್ಲಿ ಹರಿವು ಎಲ್ಲದರಲ್ಲೂ ಮೊದಲಿದ್ದುದರ ಶೇ. 20ಕ್ಕಿಂತ ಕೆಳಗೆ ಇಳಿದಿತ್ತು. ಈ ತಳಿಯಲ್ಲಿ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ನಾಳ (ಮಿದುಳಿನ ಮುಂದಿನ, ಹಿಂದಿನ ರಕ್ತನಾಳಗಳನ್ನು ಜೋಡಿಸುವುದು) ಇಲಿಯಿಂದ ಇಲಿಗೆ ಬೇರೆ, ಅದಕ್ಕೇ ಹೀಗೆ ಅಂತ ಕೆಲವರು ಅಂದರು. ಅದು ನಿಜವೇ, ಆದರೆ ಅಷ್ಟೇ ಅಲ್ಲ.

ಮೊದಲು ಕರೆಂಟ್ ಮೇಲೆ ಅನುಮಾನ ಬಂತು. ಜೂನ್‌ನಲ್ಲಿ ಇಲ್ಲಿ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ ಅಲ್ವಾ. ಶಸ್ತ್ರಚಿಕಿತ್ಸೆ ವೇಳೆ ಇಲಿಯನ್ನು ಬೆಚ್ಚಗಿಡುವ ಪ್ಯಾಡ್‌ಗೆ ಇನ್ವರ್ಟರ್ ಕೊಟ್ಟ ಮೇಲೂ ವ್ಯತ್ಯಾಸ ಹೋಗಲಿಲ್ಲ. ಫಿಲಮೆಂಟ್ ಒಳಗಿಟ್ಟು, ಎಚ್ಚರಿಸಿ, ಪಂಜರಕ್ಕೆ ಬಿಟ್ಟ ಮೇಲೆ ಹತ್ತು ನಿಮಿಷಕ್ಕೊಮ್ಮೆ ಮೈಬಿಸಿ ಅಳೆದೆ. 37ರಿಂದ 34ರ ಹತ್ತಿರ ಇಳಿದಿತ್ತು! ಮಿದುಳು ತಣ್ಣಗಾದರೆ ಹಾನಿ ಕಡಿಮೆ. ನಾವು ಔಷಧಿಯ ಗುಣ ಅಂದುಕೊಳ್ಳುವುದು ಬರೀ ಚಳಿಯ ಗುಣ ಇರಬಹುದು.

ಬಂದರಿನ ಹತ್ತಿರ ಮೀನು ತುಂಬುವ ಹೊಸ ಥರ್ಮಾಕೋಲ್ ಪೆಟ್ಟಿಗೆ ತಂದೆ. ಮೊಟ್ಟೆ ಮರಿಮಾಡುವ ಯಂತ್ರದ ಥರ್ಮೋಸ್ಟಾಟ್, ಸಣ್ಣ ಬಲ್ಬು, ಬ್ಯಾಟರಿ, ಗಾಳಿಗೆ ತೂತು. ಎಲ್ಲ ಸೇರಿ ಎರಡು ಸಾವಿರದೊಳಗೆ, ಅಂದರೆ ಒಂದು ಫಿಲಮೆಂಟಿನ ಬೆಲೆ. ಒಳಗೆ 32 ಡಿಗ್ರಿ ಆಸುಪಾಸು ಇಟ್ಟು, ಪಂಜರವನ್ನೇ ಅದರಲ್ಲಿ ಕೂರಿಸಿದೆ. ಮುಂದಿನ ಸರದಿಯಿಂದಲೇ ಲೆಕ್ಕ ಕೂಡತೊಡಗಿತು.

ಫಿಲಮೆಂಟನ್ನೂ ಈಗ ನಾನೇ ಮಾಡುತ್ತೇನೆ. 6-0 ನೈಲಾನ್ ಹೊಲಿಗೆ ದಾರ, ಹಲ್ಲಿನ ಅಚ್ಚು ತೆಗೆಯುವ ಸಿಲಿಕೋನ್, ತುದಿ 0.21 ಮಿ.ಮೀ. ಲೇಪ ಎರಡು-ಮೂರು ಮಿ.ಮೀ. ಉದ್ದ ಸಾಕು, ಜಾಸ್ತಿಯಾದರೆ ಬೇರೆ ನಾಳಗಳ ಬಾಯಿಯೂ ಮುಚ್ಚುತ್ತದೆ. ಅದ್ದಿ ಎಳೆಯುವ ವೇಗ ಮಾತ್ರ ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ರೋಸ್ ಬೆಂಗಾಲ್ ಬಣ್ಣ ಕೊಟ್ಟು, ಮಿದುಳಿನ ಮೇಲೆ ಹಸಿರು ಲೇಸರ್ ಬಿಟ್ಟು, ನಾಳದಲ್ಲಿ ರಕ್ತ ಹೆಪ್ಪುಗಟ್ಟಿಸಿಯೂ ನೋಡಿದೆ. ಗಾಯ ಅಚ್ಚು ಹಾಕಿದ ಹಾಗೆ ಬರುತ್ತದೆ, ಸಾವೂ ಕಡಿಮೆ. ಆದರೆ ಪೆನಂಬ್ರಾ (ಗಾಯದ ಸುತ್ತ ಇನ್ನೂ ಉಳಿಸಬಹುದಾದ ಭಾಗ) ತೀರ ಸಣ್ಣದು, ರಕ್ತ ಸುಲಭವಾಗಿ ಮರಳುವುದೂ ಇಲ್ಲ. ರಕ್ತ ಮರಳಿದ ಮೇಲೆ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ, ಹಾಗಾಗಿ ಬಿಟ್ಟೆ.

ಆಮೇಲಿನ ಆರೈಕೆ ಬಿಡಬೇಡಿ. ನೆನೆಸಿದ ಪೆಲೆಟ್ (ಇಲಿಯ ಆಹಾರದ ಉಂಡೆ) ಪಂಜರದ ನೆಲದಲ್ಲೇ, ಮೂತಿಗೆ ಸಿಗುವ ಹಾಗೆ ಇಡಿ. ಬೆಚ್ಚಗಿನ ಸಲೈನ್ ಚರ್ಮದಡಿ ಕೊಡಿ. ನೋವಿನ ಔಷಧಿಯಲ್ಲಿ ಉಳಿತಾಯ ಬೇಡವೇ ಬೇಡ. ಎಥಿಕ್ಸ್ ಕಮಿಟಿಗೆ ಬರೆದುಕೊಟ್ಟಿದ್ದೇವೆ ಅಂತ ಮಾತ್ರವಲ್ಲ, ನೋವಿರುವ ಇಲಿ ಸರಿಯಾಗಿ ತಿನ್ನುವುದಿಲ್ಲ.